ಅಡುಗೆಮನೆಗೆ ಬಂದ ದನಿ

ಕಂಪ್ಯೂಟರಿನಲ್ಲಿ ನನಗೆ ಬರುವುದು ಮೂರೇ ಕೆಲಸ. ಆನ್ ಮಾಡುವುದು, ಕಥೆ ಓದಿ ಹೇಳುವ ಚಾನೆಲ್ ಹುಡುಕಿ ಹಾಕುವುದು, ದನಿಯನ್ನು ಹೆಡ್‌ಫೋನಿನಿಂದ ಸ್ಪೀಕರಿಗೆ ಬದಲಾಯಿಸುವುದು. ಮೂರನ್ನೂ ಕಲಿಸಿದವಳು ನನ್ನ ತಂಗಿ. ಆ ಮೂರನೆಯದರಿಂದ ಅವಳಿಗೆ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಹುಟ್ಟಿದ ವರ್ಷ ಶಾಲೆ ಬಿಟ್ಟೆ. ಅಮ್ಮ ಮಾವಿನ ಮಂಡಿಗೆ ಕೂಲಿಗೆ ಹೋಗುತ್ತಿದ್ದಳು, ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಆ ಸಿಟ್ಟನ್ನು ನಾನು ತೀರಿಸಿಕೊಂಡೆ ಎಂದು ಮುಂದಿನದನ್ನು ಓದಿದವರಿಗೆ ಅನ್ನಿಸಬಹುದು. ಹಾಗಲ್ಲ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬೆಳೆಸಿದವಳು ನಾನು. ಮೊದಲು ಅವಳು ಕರೆದದ್ದು ಅಮ್ಮನನ್ನಲ್ಲ, ನನ್ನನ್ನು.

ನಮ್ಮ ಮನೆ ಶ್ರೀನಿವಾಸಪುರದಲ್ಲಿ, ಮಂಡಿಗಳು ಮುಗಿದು ಮಾವಿನ ತೋಪುಗಳು ಶುರುವಾಗುವ ಕಡೆ ಇದೆ. ಒಂದು ಹಾಲು, ಒಂದು ಅಡುಗೆಮನೆ, ಹಿಂದುಗಡೆ ಬಚ್ಚಲು. ಹಾಲಿನ ಕಿಟಕಿಯ ಪಕ್ಕ ಅಮ್ಮನ ಮಂಚ. ನಲ್ಲಿಯ ಹತ್ತಿರ ಜಾರಿ ಬಿದ್ದು ಅಮ್ಮ ಸೊಂಟ ಮುರಿದುಕೊಂಡು ನಾಲ್ಕು ವರ್ಷವಾಯಿತು. ಆಪರೇಷನ್ ಆಯಿತು, ಆದರೆ ಅಮ್ಮ ಏಳಲಿಲ್ಲ. ನನ್ನನ್ನು ನೋಡಲು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಗಂಡಿನ ಕಡೆಯವರೂ ಆಮೇಲೆ ಬರಲಿಲ್ಲ. ಅಮ್ಮ ದೊಡ್ಡ ಆಳು. ಅವಳನ್ನು ಹೊರಳಿಸಬೇಕಾದರೂ, ಎತ್ತಿ ಕುರ್ಚಿಗೆ ಹಾಕಿ ಬಚ್ಚಲಿಗೆ ಒಯ್ಯಬೇಕಾದರೂ ಇಬ್ಬರು ಬೇಕು. ತೋಪು ಕಾಯುವ ಅಪ್ಪ ಬೆಳಿಗ್ಗೆ ಹೋದರೆ ಬರುವುದು ಸಾಯಂಕಾಲ. ಇದ್ದಾಗಲೂ ಅಮ್ಮ ಮುಟ್ಟಿಸಿಕೊಳ್ಳುತ್ತಿರಲಿಲ್ಲ. "ಗಂಡನ ಕೈಲಿ ನೀರು ಹುಯ್ಸ್ಕೊಳ್ಳೋದು ನಾನು ಸತ್ಮೇಲೆ" ಎನ್ನುತ್ತಿದ್ದಳು. ಹಾಗಾಗಿ ತಲೆಯ ಕಡೆ ನಾನು, ಕಾಲಿನ ಕಡೆ ತಂಗಿ. ದಿನಕ್ಕೆ ಐದಾರು ಸಲ.

ಊರಿನ ಒಂದು ಕಂಪ್ಯೂಟರ್ ಸೆಂಟರು ಮುಚ್ಚಿದಾಗ ಅಲ್ಲಿಯ ಹಳೆಯದೊಂದನ್ನು ತಂಗಿ ಮನೆಗೆ ತಂದಳು. ಅವಳು ಆಗ ಡಿಗ್ರಿ ಓದುತ್ತಿದ್ದಳು. ಅದರ ಜೊತೆ ಬಾಯಿಯ ಹತ್ತಿರ ಮೈಕು ಇರುವ ಒಂದು ಹೆಡ್‌ಫೋನು, ಎರಡು ಕಪ್ಪು ಸ್ಪೀಕರು, ಪರದೆಯ ಮೇಲೆ ಸಿಕ್ಕಿಸುವ ಒಂದು ಪುಟ್ಟ ಕ್ಯಾಮೆರಾ ಬಂದವು. ಸ್ಪೀಕರಿನ ಸದ್ದು ಅಮ್ಮನಿಗೆ ಆಗುತ್ತಿರಲಿಲ್ಲ. "ನಾನಿನ್ನೂ ಹೋಗಿಲ್ಲ, ಆಗ್ಲೇ ತಮಟೆ ಬಡೀತಿದೀರ" ಎಂದು ಗದರಿದ ಮೇಲೆ ತಂಗಿ ಉದ್ದದ ವೈರು ಕೊಂಡು ತಂದು, ಗೋಡೆಯ ಮೇಲಿನ ಗವಾಕ್ಷಿಯಲ್ಲಿ ತೂರಿಸಿ, ಸ್ಪೀಕರುಗಳನ್ನು ಅಡುಗೆಮನೆಯ ಹಲಗೆಯ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಕಂಪ್ಯೂಟರ್ ಹಾಲಿನಲ್ಲಿ, ಅದರ ದನಿ ಅಡುಗೆಮನೆಯಲ್ಲಿ. ಬೇರೆಯವರ ಮನೆಯಲ್ಲಿ ಹೀಗೆ ಇರುವುದನ್ನು ನಾನು ಕಂಡಿಲ್ಲ.

ಅಮ್ಮನ ಜೊತೆ ನಮ್ಮದು ತೆಲುಗು. ನಾವಿಬ್ಬರೇ ಇದ್ದಾಗ ಕನ್ನಡ. ತಂಗಿ ನನಗೆ ಕಂಪ್ಯೂಟರಿನ ಪಾಠ ಹೇಳಿದ್ದೂ ಕನ್ನಡದಲ್ಲೇ.

"ಇಲ್ನೋಡೇ ಅಕ್ಕ. ಕೆಳಗೆ ಬಲಗಡೆ ಮೂಲೇಲಿ ಸ್ಪೀಕರ್ ಬೊಂಬೆ ಇದ್ಯಲ್ಲ, ಅದನ್ನೊತ್ತು. ಒಂದು ಬಾಣ ಬರುತ್ತೆ, ಅದನ್ನೊತ್ತು. ಎರಡು ಹೆಸರು ಬರುತ್ತೆ. ಮೇಲಿಂದು ಸ್ಪೀಕರು, ಅದು ನಿಂದು. ಕೆಳಗಿಂದು ಹೆಡ್‌ಫೋನು, ನಂದು."

"ಪರ್ವಾಗಿಲ್ವೇ, ಮೇಲಿಂದು ನಂಗೆ ಬಿಟ್ಕೊಟ್ಟಿದೀಯ."

"ದೊಡ್ಡೋಳಲ್ವಾ ನೀನು. ಆದ್ರೆ ಒಂದ್ಮಾತು. ನಿನ್ ಕಥೆ ಮುಗಿದ್ಮೇಲೆ ವಾಪಸ್ ಕೆಳಗಿಂದನ್ನ ಒತ್ತಿಟ್ಟು ಹೋಗ್ಬೇಕು. ಮರೆತ್ಯೋ, ಬರೆ ಹಾಕ್ತೀನಿ."

"ಹಾಕಮ್ಮ, ಟೀಚರ್ರು."

ಒಂದೂವರೆ ವರ್ಷ ನಾನು ಮರೆಯಲಿಲ್ಲ. ಮುದ್ದೆ ತೊಳಸುತ್ತಾ, ಸಾರಿಗೆ ರುಬ್ಬುತ್ತಾ ಕಥೆ ಕೇಳುತ್ತಿದ್ದೆ. ಪುಸ್ತಕವಾದರೆ ನನಗೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಕೇಳುವುದಾದರೆ ಒಂದು ಹೊತ್ತಿನ ಅಡುಗೆಗೆ ಒಂದು ಕಥೆ. ನನ್ನ ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು ಎಲ್ಲವೂ ಉಪ್ಪಿನ ಡಬ್ಬಿಯ ಪಕ್ಕದ ಆ ಪೆಟ್ಟಿಗೆಯಿಂದಲೇ ಆದವು. ಈಗ ಇಷ್ಟು ಬರೆಯಲು ಬರುತ್ತಿದ್ದರೆ ಅದು ಅವಳು ಹಾಕಿಕೊಟ್ಟ ವೈರಿನಿಂದ.

ಡಿಗ್ರಿ ಮುಗಿದ ಚಳಿಗಾಲದಲ್ಲಿ ಅವಳಿಗೊಂದು ಕೆಲಸದ ಸುದ್ದಿ ಬಂತು. ಮಾಲೂರಿನಲ್ಲಿ ಒಂದು ಆಫೀಸು. ಬೀಜ ಮಾರುವ ಕಂಪನಿಯೊಂದಕ್ಕೆ ರೈತರು ಮಾಡುವ ಫೋನುಗಳನ್ನು ಎತ್ತಿ ಉತ್ತರ ಹೇಳುವ ಕೆಲಸ. ಅಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ಲೂ ಇತ್ತು. ಮೊದಲು ಕಂಪ್ಯೂಟರಿನಲ್ಲೇ ಹತ್ತು ನಿಮಿಷ ಮಾತಾಡಿಸಿ ನೋಡುತ್ತಾರಂತೆ.

"ಕನ್ನಡಾನೂ ಬರ್ಬೇಕಂತೆ, ತೆಲುಗೂ ಬರ್ಬೇಕಂತೆ ಕಣೇ. ನಮ್ಮೂರಲ್ಲಿ ಕತ್ತೆಗೂ ಎರಡೂ ಬರುತ್ತೆ" ಎಂದಳು.

"ಹಂಗಾದ್ರೆ ನಿಂಗೆ ಸಿಕ್ಕೇ ಸಿಗುತ್ತೆ ಬಿಡು" ಎಂದೆ.

ಅವಳು ನನ್ನ ಬೆನ್ನಿಗೆ ಗುದ್ದಿದಳು. ಇಬ್ಬರೂ ನಕ್ಕೆವು. ಆದರೆ ಆ ವಾರವೆಲ್ಲ ಅಮ್ಮನನ್ನು ಎತ್ತುವಾಗ ನನ್ನ ಕಣ್ಣು ತಂಗಿಯ ಕೈಗಳ ಮೇಲೆಯೇ ಇರುತ್ತಿತ್ತು. ಅಮ್ಮನ ಮಂಡಿಯ ಕೆಳಗೆ ತೂರಿ ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದ ಆ ಎರಡು ಕೈ ಇಲ್ಲದಿದ್ದರೆ ಏನು ಮಾಡುವುದು?

ಅದು ಹೇಗಿರುತ್ತದೆ ಎಂದು ಒಂದು ದಿನ ಗೊತ್ತೂ ಆಯಿತು. ಯಾವುದೋ ಮಾರ್ಕ್ಸ್ ಕಾರ್ಡಿಗಾಗಿ ತಂಗಿ ಕೋಲಾರಕ್ಕೆ ಹೋಗಿದ್ದಳು. ಅಮ್ಮನಿಗೆ ಅವಸರವಾಯಿತು. ತಂಗಿ ಕಾಲೇಜಿಗೆ ಹೋಗುತ್ತಿದ್ದಾಗ ಮಧ್ಯಾಹ್ನಕ್ಕೊಮ್ಮೆ ಬಂದು ಕೈ ಹಾಕುತ್ತಿದ್ದ ಎದುರು ಮನೆಯವರು ಅವತ್ತು ಅವರೆಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಒಬ್ಬಳೇ ಎತ್ತಿ ನೋಡೋಣ ಎಂದು ಅಮ್ಮನ ಕಂಕುಳಿಗೆ ಕೈ ಹಾಕಿ ಎಳೆದೆ. ಅರ್ಧ ಬಂದಳು. ಕಾಲು ಮಂಚದಿಂದ ಜಾರಿತು, ಭಾರವೆಲ್ಲ ನನ್ನ ಎದೆಗೆ ಬಂತು. ಮೇಲೆ ತಳ್ಳಲು ಆಗುವುದಿಲ್ಲ, ಕೆಳಗೆ ಬಿಡಲು ಆಗುವುದಿಲ್ಲ. ಮಂಚದ ಪಟ್ಟಿಗೆ ಮೊಣಕಾಲು ಒತ್ತಿಕೊಟ್ಟು ನಿಂತೆ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೂಗುವಾಗ ಹಾಗೆ ನಿಂತವಳು, ಊಟ ಮುಗಿದು ಶಾಲೆಯ ಗಂಟೆ ಹೊಡೆದಾಗಲೂ ಹಾಗೇ ನಿಂತಿದ್ದೆ. ಅಮ್ಮನ ಕೂದಲು ನನ್ನ ಬಾಯಿಗೆ ಬರುತ್ತಿತ್ತು. ಅವಳು ಕಂಬಳಿಯ ಮೇಲೆಯೇ ಒದ್ದೆ ಮಾಡಿಕೊಂಡು ಅತ್ತಳು. ಆಮೇಲೆ ತೆಲುಗಿನಲ್ಲಿ ನನ್ನ ಕಿವಿಯ ಹತ್ತಿರ, "ಕೊನೆಗೆ ನೀನೂ ನಾನೂ ಹಿಂಗೇ ಅಂಟ್ಕೊಂಡು ಸಾಯೋದು ಕಣೇ" ಎಂದಳು. ತಂಗಿ ಬಸ್ಸಿಳಿದು ಬಂದು ಬಾಗಿಲು ತೆಗೆದವಳು ಚೀಲವನ್ನು ಅಲ್ಲೇ ಬಿಸಾಕಿ ಓಡಿ ಬಂದು ಕಾಲು ಹಿಡಿದಳು.

ಅದಾಗಿ ನಾಲ್ಕನೇ ದಿನಕ್ಕೆ ಅವಳ ಸಂದರ್ಶನ.

ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೊಂದು ಕಥೆ ಕೇಳುತ್ತಿದ್ದೆ. ಅರ್ಧದಲ್ಲಿ ಅಮ್ಮ ಕರೆದಳು. ನಿಲ್ಲಿಸಿ ಓಡಿದೆ. ಆಮೇಲೆ ಸ್ನಾನ, ತಿಂಡಿ, ಬಟ್ಟೆ. ಕೆಳಗಿನ ಹೆಸರನ್ನು ಒತ್ತುವುದು ಮರೆತೆ. ಇದು ನಿಜವಾಗಿಯೂ ಮರೆತದ್ದು. ಇಷ್ಟನ್ನಾದರೂ ನಂಬಬೇಕು.

ಹನ್ನೊಂದಕ್ಕೆ ಮುಂಚೆ ತಂಗಿ ಒಳ್ಳೆಯ ಚೂಡಿದಾರ್ ಹಾಕಿ, ದುಪಟ್ಟಕ್ಕೆ ಪಿನ್ನು ಚುಚ್ಚಿಕೊಂಡು, ಸದ್ದಾಗಬಾರದೆಂದು ಫೋನ್ ಆಫ್ ಮಾಡಿ ಕಂಪ್ಯೂಟರಿನ ಮುಂದೆ ಕೂತಳು. ಅಮ್ಮನಿಗೆ ಕೈ ಮುಗಿದು, ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕೆಂದು ಬೇಡಿಕೊಂಡಳು. ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ನೆನೆಹಾಕಿದ ಅವರೆಕಾಳು ಹಿಚುಕಿ ಸಿಪ್ಪೆ ಬಿಡಿಸುತ್ತಾ ಕೂತೆ.

"ಹಲೋ, ಗುಡ್ ಮಾರ್ನಿಂಗ್ ಮೇಡಂ."

ಬೆರಳ ಸಂದಿಯ ಕಾಳು ಹಾರಿ ಒಲೆಯ ಕಟ್ಟೆಗೆ ಬಿತ್ತು. ಗಂಡಸಿನ ದನಿ, ಉಪ್ಪಿನ ಡಬ್ಬಿಯ ಪಕ್ಕದಿಂದ. ಏನಾಗಿದೆ ಎಂದು ಆ ಕ್ಷಣದಲ್ಲೇ ತಿಳಿಯಿತು. ಎದ್ದೆ. ಬಾಗಿಲ ಕಡೆ ಎರಡು ಹೆಜ್ಜೆ ಹೋದೆ.

ಹಾಲಿನಿಂದ ತಂಗಿ, "ಹಲೋ ಸಾರ್? ಸಾರ್, ಏನೂ ಕೇಳಿಸ್ತಿಲ್ಲ ಸಾರ್" ಎನ್ನುತ್ತಿದ್ದಳು.

"ನೀವು ಮಾತಾಡೋದು ನಮಗೆ ಚೆನ್ನಾಗಿ ಕೇಳಿಸ್ತಿದೆ ಮೇಡಂ. ನಮ್ಮದು ನಿಮಗೆ ಕೇಳಿಸ್ತಿದೆಯಾ?"

ಒಬ್ಬ ಹೆಂಗಸಿನ ದನಿ ಅದನ್ನೇ ತೆಲುಗಿನಲ್ಲಿ ಕೇಳಿತು. ತಂಗಿ ಹೆಡ್‌ಫೋನಿನ ವೈರು ಕಿತ್ತು ಮತ್ತೆ ಚುಚ್ಚುವ ಸದ್ದಾಯಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಲಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆ ಬಾಗಿಲು. ಕಿವಿಯಿಂದ ಹೆಡ್‌ಫೋನ್ ತೆಗೆದು ಒಂದು ಗಳಿಗೆ ಸುಮ್ಮನಿದ್ದರೆ ಸಾಕು, ಈ ದನಿ ಅವಳಿಗೆ ಕೇಳಿಸಿಬಿಡುತ್ತದೆ.

"ಏನೂ ಮಾತಾಡೋದು ಬೇಡ ಮೇಡಂ. ನಮ್ಮ ಮಾತು ಕೇಳಿಸ್ತಿದ್ರೆ ಕೈ ಎತ್ತಿ, ಸಾಕು" ಎಂದ ಆ ಮನುಷ್ಯ.

ನಾನು ತಿರುಗಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ಪೀಕರಿನ ಗುಂಡಿಯನ್ನು ಎಡಕ್ಕೆ, ಟಕ್ ಎನ್ನುವವರೆಗೆ ತಿರುಗಿಸಿದೆ. ದನಿ ನಿಂತಿತು. ಮತ್ತೆ ಕೂತು ಕಾಳು ಹಿಚುಕಿದೆ.

ಯೋಚನೆಯೇ ಇಲ್ಲದೆ ಆಗಿಹೋಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಕೈ ಒರೆಸಿಕೊಂಡಿದ್ದೆನಲ್ಲ. ಒದ್ದೆ ಕೈಯಲ್ಲಿ ಕರೆಂಟಿನದನ್ನು ಮುಟ್ಟಬಾರದು ಎನ್ನುವಷ್ಟು ಯೋಚನೆ ಇತ್ತು.

ಹಾಲಿನಲ್ಲಿ ಅವಳು ಹಲೋ, ಹಲೋ ಎನ್ನುತ್ತಲೇ ಇದ್ದಳು. ಮೊದಲು ಮರ್ಯಾದೆಯ ದನಿ, ಆಮೇಲೆ ಅವಸರದ ದನಿ, ಆಮೇಲೆ ಅಳುವಿನ ದನಿ. ಅವಳ ಹಲೋಗಳು ನಿಂತಾಗ ನನ್ನ ಬಟ್ಟಲಿನಲ್ಲಿ ಎರಡು ಹಿಡಿ ಬೇಳೆ ಇತ್ತು. ಅವಳು ಫೋನ್ ಹಿಡಿದುಕೊಂಡು, ಸಿಗ್ನಲ್ ಸರಿಯಾಗಿ ಸಿಗುವ ಬೀದಿಯ ತುದಿಗೆ ಓಡಿದಳು. ನಾನು ಎದ್ದು ಹೋಗಿ ಸ್ಪೀಕರ್ ಬೊಂಬೆ ಒತ್ತಿ, ಬಾಣ ಒತ್ತಿ, ಕೆಳಗಿನ ಹೆಸರನ್ನು ಒತ್ತಿದೆ. ಅಮ್ಮ ಮಂಚದಿಂದ ನೋಡುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದಳು. ಏನಿಲ್ಲ ಎಂದೆ.

ತಂಗಿ ವಾಪಸ್ ಬಂದಳು. "ತುಂಬಾ ಜನ ಕಾಯ್ತಿದಾರಂತೆ. ಮುಂದಿನ ಸಲ ನೋಡೋಣ ಅಂದ್ರು" ಎಂದು ಕಂಪ್ಯೂಟರಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡು ಯಾವುದೋ ಹಾಡು ಒತ್ತಿದಳು. "ಅಕ್ಕ, ಬಾರೇ ಇಲ್ಲಿ. ಈಗ ಕೇಳಿಸ್ತಿದೆ ನೋಡೇ. ಈಗ!" ಎಂದು ನಗತೊಡಗಿದಳು. ನಗುತ್ತಾ ನಗುತ್ತಾ ಮುಖ ಮುಚ್ಚಿಕೊಂಡಳು. ನಾನು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಬೆನ್ನು ಸವರಿದೆ. ಆ ಕೈಯಲ್ಲೇ ಸವರಿದೆ.

ಅದಾದ ಮೇಲೆ ಸುಮಾರು ಒಂದು ವರ್ಷ ನನಗೆ ಬೇಕಾದದ್ದೆಲ್ಲ ಇತ್ತು. ತಲೆಯ ಕಡೆ ನಾನು, ಕಾಲಿನ ಕಡೆ ಅವಳು. "ಒಂದು, ಎರಡು, ಎತ್ತು" ಎಂದು ಅವಳೇ ಎಣಿಸುತ್ತಿದ್ದಳು. ಎತ್ತುವಾಗ ನಮ್ಮಿಬ್ಬರ ಮುಖದ ನಡುವೆ ಎರಡು ಮೊಳವೂ ಇರುವುದಿಲ್ಲ. ದಿನಕ್ಕೆ ಐದಾರು ಸಲ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಬೇಕು. ನಾನು ಅಮ್ಮನ ಹಣೆಯನ್ನು ನೋಡುವ ಅಭ್ಯಾಸ ಮಾಡಿಕೊಂಡೆ. ಕಥೆ ಕೇಳುವುದನ್ನು ಬಿಟ್ಟೆ. ಯಾಕೆ ಎಂದು ಕೇಳಿದ್ದಕ್ಕೆ ತಲೆನೋವು ಎಂದೆ. ಮನೆಯಿಂದ ಹೊರಗೆ ಕಾಲಿಡಬೇಕಾದರೂ ಅವಳು ಎಲ್ಲಿದ್ದಾಳೆ ಎಂದು ನೋಡಿಕೊಂಡು ಇಡುತ್ತಿದ್ದೆ. ಯಾಕೆಂದರೆ ಅವಳು ಹೊರಗೆ ಹೋದಾಗ ನಾನು ಹೋಗುವ ಹಾಗಿಲ್ಲ, ನಾನು ಹೋದಾಗ ಅವಳು ಹೋಗುವ ಹಾಗಿಲ್ಲ. ಮೊದಲೂ ಹಾಗೇ ಇತ್ತು, ಆದರೆ ಮೊದಲು ಅದು ನಮ್ಮಿಬ್ಬರ ಹಣೆಬರಹವಾಗಿತ್ತು. ಈಗ ಅವಳದನ್ನು ನಾನು ಬರೆದದ್ದು.

ಅವಳ ಜೊತೆಯಲ್ಲಿ ಓದಿದ ಹುಡುಗಿಯರು ನರಸಾಪುರದ ಫ್ಯಾಕ್ಟರಿಗಳ ಬಸ್ಸು ಹತ್ತತೊಡಗಿದರು. ಅವಳು ಹತ್ತಲಿಲ್ಲ. ಅಪ್ಪ ಒಂದು ದಿನ, "ನೀನೂ ಹೋಗ್ಬಾರ್ದೇನಮ್ಮ?" ಎಂದಾಗ, "ಮಿಷಿನ್ನು ನನ್ನ ಕೈಲಿ ನಡೆಯಲ್ಲ ಅಪ್ಪ. ನಾನು ಮುಟ್ಟಿದ್ರೆ ಕೆಟ್ಟೋಗುತ್ತೆ" ಎಂದಳು. ತಮಾಷೆಗೆ ಎಂದು ಅಪ್ಪ ನಕ್ಕ. ತಮಾಷೆಯಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ಹೆಡ್‌ಫೋನ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಳು. ಸಣ್ಣವಳಿದ್ದಾಗ ತನ್ನ ಹೆಸರು ಕರೆದರೆ ಸಾಕು, ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದವಳು ಅವಳು.

ಮುಂದಿನ ಅವರೆ ಕಾಲಕ್ಕೆ ಅದೇ ಆಫೀಸಿನಿಂದ ಮತ್ತೆ ಫೋನ್ ಬಂತು. ನನಗೆ ಗೊತ್ತಾಗಿದ್ದು ಅವಳೇ ಹೇಳಿದ್ದರಿಂದ. ಹಿತ್ತಲಿನಲ್ಲಿ ಅಮ್ಮನ ದುಪ್ಪಟಿ ಒಗೆದು ಹಿಂಡುತ್ತಿದ್ದೆವು. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ.

"ಮಾಲೂರಿನೋರು ಫೋನ್ ಮಾಡಿದ್ರು. ಸಾಯಂಕಾಲದೊಳಗೆ ಹೇಳು ಅಂದಿದಾರೆ. ಬರಲ್ಲ ಅಂತ ಹೇಳ್ಬಿಡ್ತೀನಿ."

"ಯಾಕೆ?"

"ನಂಗೆ ಇಲ್ಲ ಅಂತ ದೇವ್ರೇ ತೋರಿಸಿದಾನಲ್ಲ. ಮತ್ತೆ ಹೋಗಿ ಹಲೋ ಹಲೋ ಅಂತ ಅರಚ್ಲಾ?"

ಇನ್ನು ತಡೆಯಲಾಗಲಿಲ್ಲ. ನಾನು ಮಾಡಿದ್ದನ್ನು ದೇವರು ಮಾಡಿದ್ದೆಂದು ಅಷ್ಟು ದಿನ ಅವಳು ಹೊತ್ತುಕೊಂಡಿದ್ದಳು.

"ಅವತ್ತು ಅವರ ಮಾತು ನಂಗೆ ಕೇಳಿಸ್ತಿತ್ತು" ಎಂದೆ.

"ಯಾರ ಮಾತು?"

"ಅವರದೇ. ಅಡುಗೆಮನೇಲಿ. ಬೆಳಿಗ್ಗೆ ಕಥೆ ಕೇಳಿ ಕೆಳಗಿಂದನ್ನ ಒತ್ತೋದು ಮರ್ತಿದ್ದೆ."

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಅವಳ ಮುಖವೆಲ್ಲ ಸಡಿಲವಾಯಿತು. ನಕ್ಕಳು. ಒಂದು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. "ಅಷ್ಟೇನಾ? ಥೂ ನಿನ್ನ! ಅದಕ್ಕೆ ವರ್ಷಪೂರ್ತಿ ಮುಖ ಗಂಟು ಹಾಕ್ಕೊಂಡಿದ್ಯಾ? ಅವತ್ತೇ ಹೇಳೋದಲ್ವೇನೇ ಲೂಸು? ನಾನು ನನ್ ಹಣೆ ನಾನೇ ಚಚ್ಕೊಂಡು..."

ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ನಾನು ಕೇಳದೆಯೇ ಅವಳು ಕ್ಷಮಿಸಿಬಿಟ್ಟಿದ್ದಳು. ಬರೆ ಹಾಕುತ್ತೇನೆ ಎಂದವಳು ಲೂಸು ಎಂದು ಬಿಟ್ಟುಬಿಟ್ಟಳು. ದುಪ್ಪಟಿಯಿಂದ ನೀರು ಇಬ್ಬರ ಕಾಲ ಮೇಲೂ ಸುರಿಯುತ್ತಿತ್ತು.

"ಅಷ್ಟೇ ಅಲ್ಲ" ಎಂದೆ. "ಸ್ಪೀಕರ್ ಆಫ್ ಮಾಡ್ದೆ. ನಿಂಗೆ ಕೇಳಿಸ್ಬಾರ್ದು ಅಂತ."

ಅವಳು ದುಪ್ಪಟಿ ಬಿಡಲಿಲ್ಲ. ಹಿಂಡುವುದನ್ನೂ ನಿಲ್ಲಿಸಲಿಲ್ಲ. ಅವಳು ತಿರುಚಿದಂತೆಲ್ಲ ನನ್ನ ಕೈಯೂ ತಿರುಚಿಕೊಳ್ಳುತ್ತಿತ್ತು. ಒಂದು ಹನಿಯೂ ಉಳಿಯದ ಮೇಲೂ ತಿರುಚಿದಳು.

"ಏನ್ ಕೇಳಿದ್ರು?"

"ಏನೂ ಕೇಳ್ಲಿಲ್ಲ. ಮಾತು ಕೇಳಿಸ್ತಿದ್ರೆ ಕೈ ಎತ್ತಿ ಅಂದ್ರು."

"ಕೈ ಎತ್ತಿದ್ರೆ ಸಾಕಿತ್ತಾ?"

"ಹೂಂ."

ಅವಳು ನನ್ನ ಕೈಯಿಂದ ಆ ತುದಿಯನ್ನೂ ತೆಗೆದುಕೊಂಡಳು. ತಂತಿಯ ಮೇಲೆ ಒಬ್ಬಳೇ ಹರವಿದಳು. ಸಾಯಂಕಾಲ ಬೀದಿಯ ತುದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿ ಬಂದು, ನನ್ನನ್ನು ನೋಡದೆ ಹೇಳಿದಳು, "ಗುರುವಾರ ಹನ್ನೊಂದು ಗಂಟೆಗೆ. ನೀನು ಮನೇಲಿರ್ಬಾರ್ದು."

ಗುರುವಾರ ಅಮ್ಮನನ್ನು ಹೊರಳಿಸಿ ಮಲಗಿಸಿದ ಮೇಲೆ ನಾನು ಚಪ್ಪಲಿ ಹಾಕಿಕೊಂಡೆ. ತಂಗಿ ಅಡುಗೆಮನೆಗೆ ಹೋಗಿ ಎರಡೂ ಸ್ಪೀಕರುಗಳನ್ನು ವೈರಿನ ಸಮೇತ ಕಿತ್ತು ತಂದಳು. ತರಕಾರಿ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಳು. "ಇದನ್ನೂ ತಗೊಂಡ್ಹೋಗು" ಎಂದಳು. ನನ್ನ ಹಿಂದೆ ಬಾಗಿಲಿಗೆ ಅಗುಳಿ ಹಾಕಿಕೊಂಡಳು.

ಎಲ್ಲಿಗೆ ಹೋಗುವುದು? ಅಂಗಳದಲ್ಲೇ ಗೋಡೆಗೆ ಒರಗಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಳಗೆ ಅವಳು ಮಾತಾಡತೊಡಗಿದಳು. ಅವರು ಏನು ಕೇಳುತ್ತಿದ್ದಾರೆ ಎನ್ನುವುದು ನನಗೆ ಕೇಳಿಸುವಂತಿರಲಿಲ್ಲ. ಅವಳು ಮೊದಲು ಕನ್ನಡದಲ್ಲಿ ಊರು, ಓದು ಹೇಳಿದಳು. ಆಮೇಲೆ ತೆಲುಗಿನಲ್ಲಿ ಯಾರೋ ಸಿಟ್ಟಾದ ರೈತನನ್ನು ಸಮಾಧಾನ ಮಾಡುವಂತೆ, ಅಣ್ಣಾ, ಅಣ್ಣಾ ಎಂದು ಮೆತ್ತಗೆ ಮಾತಾಡಿದಳು.

ಅಷ್ಟರಲ್ಲಿ ಅಮ್ಮ ಶುರುಮಾಡಿದಳು. "ಏಮೇ... ಯಾಡ ಸಚ್ಚಿನಾವೇ?" ಎಲ್ಲಿ ಸತ್ತೆ ಎಂದು ನನ್ನನ್ನೇ ಕರೆಯುತ್ತಿದ್ದಳು. ಮೊದಲ ಸಲ ಸಣ್ಣಗೆ. ಎರಡನೇ ಸಲ ಜೋರಾಗುವುದೆಂದು ನನಗೆ ಗೊತ್ತು. ಕಿವಿ ಮುಚ್ಚಿಕೊಂಡ ತಂಗಿಗೆ ಅದು ಕೇಳದಿದ್ದರೂ ಅವಳ ಬಾಯಿಯ ಹತ್ತಿರದ ಮೈಕಿಗೆ ಕೇಳುತ್ತದೆ. ಬಾಗಿಲು ತಟ್ಟುವ ಹಾಗಿಲ್ಲ. ಎದ್ದು ಕಿಟಕಿಗೆ ಓಡಿದೆ. ಸರಳುಗಳ ನಡುವೆ ತೋಳು ತೂರಿಸಿ ಅಮ್ಮನ ಕೈ ಹಿಡಿದೆ, ಇನ್ನೊಂದು ಕೈಯ ಬೆರಳನ್ನು ನನ್ನ ತುಟಿಯ ಮೇಲೆ ಇಟ್ಟುಕೊಂಡೆ.

ಅಮ್ಮ ಬೆಚ್ಚಿ ತಿರುಗಿದಳು. ಮನೆಯ ಮಗಳು ಕಳ್ಳಿಯ ಹಾಗೆ ಕಿಟಕಿಯಲ್ಲಿ ಏನು ಮಾಡುತ್ತಿದ್ದೀಯ ಎಂದು ಪಿಸುಗುಟ್ಟಿ ಬಯ್ದಳು. ಬೆನ್ನು ಉರಿಯುತ್ತದೆ, ಹೊರಳಿಸು ಎಂದಳು. ಹೊರಗಿನಿಂದ ಹೊರಳಿಸುವುದು ಹೇಗೆ? ತೋಳನ್ನು ಭುಜದವರೆಗೆ ಒಳಗೆ ತಳ್ಳಿ, ಅಮ್ಮನ ಬೆನ್ನಿನ ಕೆಳಗೆ ಅಂಗೈ ತೂರಿಸಿ, ಹಾಸಿಗೆಗೂ ಚರ್ಮಕ್ಕೂ ನಡುವೆ ಇಟ್ಟೆ. ಸರಳು ಕಂಕುಳಿಗೆ ಒತ್ತುತ್ತಿತ್ತು. ತೋಳು ಮರಗಟ್ಟಿತು. ಅಮ್ಮ ಕಣ್ಣು ಮುಚ್ಚಿದಳು. ತಂಗಿ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಅವಳ ಜಡೆ ಅಲುಗುತ್ತಿತ್ತು, ಅವಳು ನಗುತ್ತಿದ್ದಳು, ಅಲ್ಲಿ ಯಾರೋ ಅವಳನ್ನು ನಗಿಸಿದ್ದರು.

ಮುಗಿದ ಮೇಲೆ ಹೆಡ್‌ಫೋನ್ ತೆಗೆದು ತಿರುಗಿದಳು. ಕಿಟಕಿಯಲ್ಲಿ ನನ್ನನ್ನು, ಅಮ್ಮನ ಬೆನ್ನಿನ ಕೆಳಗಿನ ನನ್ನ ಕೈಯನ್ನು ನೋಡಿದಳು. ಎದ್ದು ಹೋಗಿ ಅಗುಳಿ ತೆಗೆದಳು.

"ಒಂದನೇ ತಾರೀಖಿಂದ ಬಾ ಅಂದ್ರು" ಎಂದಳು. "ಕೈ ತೆಗ್ದು ಒಳಗೆ ಬಾ. ಅಮ್ಮನ್ನ ಹೊರಳಿಸ್ಬೇಕು."

ಒಳಗೆ ಹೋದೆ. ತಲೆಯ ಕಡೆ ನಾನು, ಕಾಲಿನ ಕಡೆ ಅವಳು. ಸಂತೋಷಪಡಬೇಕಿತ್ತು. ಆದರೆ ನನ್ನ ತಲೆಗೆ ಮೊದಲು ಬಂದದ್ದು ಒಂದನೇ ತಾರೀಖಿಗೆ ಇನ್ನೂ ಹತ್ತೊಂಬತ್ತು ದಿನವಿದೆ ಎನ್ನುವುದು. ಅದು ನನ್ನ ಮುಖದ ಮೇಲೆ ಕಾಣಿಸಿರಬೇಕು.

"ಏನ್ ಯೋಚ್ನೆ?" ಎಂದಳು.

ಸುಳ್ಳು ಹೇಳಲಿಲ್ಲ. "ದಿನ ಎಣಿಸ್ತಿದ್ದೆ" ಎಂದೆ.

"ನಾನೂ ಅಷ್ಟೇ" ಎಂದು ಅವಳು ಅಮ್ಮನ ಮಂಡಿಯ ಕೆಳಗೆ ಕೈ ಹಾಕಿದಳು.